ಮೂಳೆ ಸಂಶೋಧನೆಯ ಪ್ರತಿಕಾಯ: ಸರಕಿನ ಬೆಲೆ ಮತ್ತು ಪುರಾವೆಯ ಬೆಲೆ

ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಶ್ರೀಗಂಧದ ಕಾವಲ್ ಮತ್ತು ಪೀಣ್ಯ ಭಾಗಗಳ ಸಣ್ಣ ಉದ್ದಿಮೆದಾರರಿಗೂ ವರ್ತಕರಿಗೂ ಯಂತ್ರದ ಬಿಡಿಭಾಗ, ಪ್ಯಾಕಿಂಗ್ ಸಾಮಗ್ರಿ, ಸಿದ್ಧ ಉಡುಪು ಮೊದಲಾದ ಸರಕುಗಳ ವ್ಯವಹಾರ ಚಿರಪರಿಚಿತ. ಇಂತಹ ಸರಕನ್ನು ಕೈಯಲ್ಲಿ ಹಿಡಿದು, ಅಳೆದು, ತೂಗಿ ಗುಣಮಟ್ಟವನ್ನು ನಿರ್ಣಯಿಸಬಹುದು. ನಗರದಲ್ಲಿ ಜೈವಿಕ ತಂತ್ರಜ್ಞಾನ ಸಂಸ್ಥೆಗಳೂ ಸಂಶೋಧನಾಲಯಗಳೂ ಬೆಳೆದಂತೆ, ಹೀಗೆ ನೋಡಿ ನಿರ್ಣಯಿಸಲಾಗದ ಸರಕುಗಳ ವ್ಯಾಪಾರವೂ ಬೆಳೆದಿದೆ. ಪ್ರಯೋಗಾಲಯಗಳಲ್ಲಿ ಬಳಸುವ ಪ್ರತಿಕಾಯ, ಅಂದರೆ ಆಂಟಿಬಾಡಿ, ಅಂತಹ ಒಂದು ಸರಕು.

ಶ್ರೀಗಂಧದ ಕಾವಲ್‌ನ ಒಬ್ಬ ವರ್ತಕರು ಪ್ರಯೋಗಾಲಯ ಸಾಮಗ್ರಿಗಳ ಸರಬರಾಜನ್ನು ಕೈಗೊಂಡಿದ್ದಾರೆಂದು ಊಹಿಸೋಣ. ಮೂಳೆಯ ಸವೆತವನ್ನು ಕುರಿತು ಅಧ್ಯಯನ ನಡೆಸುವ ಸಂಸ್ಥೆಯೊಂದರಿಂದ ಅವರಿಗೆ ಖರೀದಿ ಆದೇಶ ಬರುತ್ತದೆ: "ರ್ಯಾಂಕ್-ಎಲ್ ಪ್ರತಿಕಾಯ, 100 ಮೈಕ್ರೋಗ್ರಾಂ, ಒಂದು ಸೀಸೆ." ನೂರು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಸಾವಿರದಲ್ಲಿ ಒಂದು ಭಾಗ. ಸೀಸೆಯ ತಳದಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಪುಡಿ ಅಥವಾ ನೀರಿನಂತಹ ಕೆಲವು ಹನಿ ದ್ರವ ಇರುತ್ತದೆ. ಇದಕ್ಕೆ ಬೆಲೆಪಟ್ಟಿಯಲ್ಲಿ ಹತ್ತಾರು ಸಾವಿರ ರೂಪಾಯಿ ನಮೂದಾಗಿರುವುದು ಅಪರೂಪವಲ್ಲ. ಇಷ್ಟೊಂದು ಹಣವನ್ನು ಯಾವುದಕ್ಕಾಗಿ ನೀಡಲಾಗುತ್ತದೆ, ಈ ವ್ಯಾಪಾರದಲ್ಲಿ ನಷ್ಟ ಎಲ್ಲಿ ಅಡಗಿದೆ, ಅದನ್ನು ತಡೆಯಲು ಯಾವ ದಾಖಲೆಗಳು ಅಗತ್ಯ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೂಳೆಯ ಜಮಾ-ಖರ್ಚು

ಮೂಳೆ ಎಂದರೆ ಒಮ್ಮೆ ಕಟ್ಟಿ ಮುಗಿಸಿದ ಗೋಡೆಯೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅದು ಅನುದಿನವೂ ದುರಸ್ತಿಗೆ ಒಳಗಾಗುತ್ತಿರುವ ಜೀವಂತ ಅಂಗಾಂಶ. ವಯಸ್ಕರ ಅಸ್ಥಿಪಂಜರದ ಸುಮಾರು ಶೇ. 10ರಷ್ಟು ಭಾಗವು ಪ್ರತಿವರ್ಷ ಕರಗಿ ಹೊಸದಾಗಿ ಕಟ್ಟಲ್ಪಡುತ್ತದೆ. ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳಿಗೆ ಆಸ್ಟಿಯೋಕ್ಲಾಸ್ಟ್ ಎಂದೂ, ಹೊಸ ಮೂಳೆಯನ್ನು ಕಟ್ಟುವ ಜೀವಕೋಶಗಳಿಗೆ ಆಸ್ಟಿಯೋಬ್ಲಾಸ್ಟ್ ಎಂದೂ ಹೆಸರು. ಮೊದಲನೆಯದನ್ನು ಖರ್ಚಿನ ಕಡೆಗೂ, ಎರಡನೆಯದನ್ನು ಜಮೆಯ ಕಡೆಗೂ ಬರೆದುಕೊಂಡರೆ, ಯೌವನದಲ್ಲಿ ಎರಡೂ ಬದಿ ಸರಿದೂಗಿರುತ್ತವೆ. ವಯಸ್ಸಾದಂತೆ, ಅದರಲ್ಲೂ ಮಹಿಳೆಯರಲ್ಲಿ ಋತುಚಕ್ರ ನಿಂತ ನಂತರ, ಖರ್ಚು ಜಮೆಯನ್ನು ಮೀರುತ್ತದೆ. ಮೂಳೆ ಟೊಳ್ಳಾಗಿ ಅಲ್ಪ ಪೆಟ್ಟಿಗೂ ಮುರಿಯುವ ಸ್ಥಿತಿ ಬರುತ್ತದೆ. ಇದೇ ಆಸ್ಟಿಯೊಪೊರೋಸಿಸ್.

ಖರ್ಚಿನ ಬದಿಯನ್ನು ನಿಯಂತ್ರಿಸುವ ವ್ಯವಸ್ಥೆಯಲ್ಲಿ ಮೂರು ಪ್ರೋಟೀನುಗಳು ಮುಖ್ಯ. ಮೊದಲನೆಯದು ರ್ಯಾಂಕ್-ಎಲ್. ಮೂಳೆಯಲ್ಲಿರುವ ಆಸ್ಟಿಯೋಬ್ಲಾಸ್ಟ್ ವಂಶದ ಜೀವಕೋಶಗಳು ಇದನ್ನು ಉತ್ಪಾದಿಸುತ್ತವೆ. ಎರಡನೆಯದು ರ್ಯಾಂಕ್ ಎಂಬ ಗ್ರಾಹಕ. ಇದು ಆಸ್ಟಿಯೋಕ್ಲಾಸ್ಟ್ ಆಗಲಿರುವ ಎಳೆಯ ಜೀವಕೋಶಗಳ ಮೈಮೇಲಿರುತ್ತದೆ. ರ್ಯಾಂಕ್-ಎಲ್ ಬಂದು ರ್ಯಾಂಕ್‌ಗೆ ಅಂಟಿಕೊಂಡಾಗ, ಎಳೆಯ ಕೋಶಗಳು ಒಂದರೊಡನೊಂದು ಕೂಡಿಕೊಂಡು ಮೂಳೆ ಕರಗಿಸುವ ದೊಡ್ಡ ಕೋಶಗಳಾಗುತ್ತವೆ. ಮೂರನೆಯದು ಆಸ್ಟಿಯೊಪ್ರೊಟೆಜೆರಿನ್. ಇದು ರ್ಯಾಂಕ್-ಎಲ್ ಅನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುತ್ತದೆ. ರ್ಯಾಂಕ್-ಎಲ್ ಖರ್ಚಿನ ಮಂಜೂರಾತಿ ಪತ್ರವಾದರೆ, ಆಸ್ಟಿಯೊಪ್ರೊಟೆಜೆರಿನ್ ಆ ಪತ್ರವನ್ನು ತಡೆಹಿಡಿಯುವ ಅಧಿಕಾರಿ ಎನ್ನಬಹುದು. ಮೂಳೆ ಎಷ್ಟು ಕರಗಬೇಕೆಂಬುದು ಬಹುಮಟ್ಟಿಗೆ ಇವೆರಡರ ಪ್ರಮಾಣವನ್ನು ಅವಲಂಬಿಸಿದೆ.

ಈ ಶೋಧದ ಇತಿಹಾಸ ವ್ಯಾಪಾರಸ್ಥರಿಗೆ ಆಸಕ್ತಿಕರವಾಗಿದೆ. ಆಸ್ಟಿಯೊಪ್ರೊಟೆಜೆರಿನ್ ಅನ್ನು 1997ರಲ್ಲಿ ಎರಡು ಕಂಪನಿಗಳ ವಿಜ್ಞಾನಿಗಳು ಪ್ರತ್ಯೇಕವಾಗಿ ಪ್ರಕಟಿಸಿದರು. ಒಂದು, ಅಮೆರಿಕದ ಔಷಧ ಕಂಪನಿ ಆಮ್ಜೆನ್. ಮತ್ತೊಂದು, ಜಪಾನಿನ ಸ್ನೋ ಬ್ರ್ಯಾಂಡ್ ಮಿಲ್ಕ್ ಪ್ರಾಡಕ್ಟ್ಸ್ ಎಂಬ ಹಾಲಿನ ಕಂಪನಿ. ಮರುವರ್ಷ, ಅಂದರೆ 1998ರಲ್ಲಿ, ಆಸ್ಟಿಯೋಕ್ಲಾಸ್ಟ್‌ಗಳನ್ನು ರೂಪಿಸುವ ಅಂಶವು ರ್ಯಾಂಕ್-ಎಲ್ ಎಂಬುದನ್ನು ಇವೇ ಎರಡು ತಂಡಗಳು ತೋರಿಸಿಕೊಟ್ಟವು. 1999ರಲ್ಲಿ ರ್ಯಾಂಕ್-ಎಲ್ ಜೀನ್ ಇಲ್ಲದ ಇಲಿಗಳ ಅಧ್ಯಯನ ಪ್ರಕಟವಾಯಿತು. ಆ ಇಲಿಗಳಲ್ಲಿ ಮೂಳೆ ಕರಗದೆ ವಿಪರೀತ ಸಾಂದ್ರವಾಗಿತ್ತು, ಹಲ್ಲುಗಳು ಹೊರಬಂದಿರಲಿಲ್ಲ. ಮೂಳೆ ಕರಗುವುದು ಕೇವಲ ಹಾನಿಯಲ್ಲ, ಮಿತಿಯಲ್ಲಿದ್ದರೆ ಅದು ಅವಶ್ಯಕ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪ್ರತಿಕಾಯ ಎಂದರೇನು

ಶರೀರಕ್ಕೆ ಹೊರಗಿನ ವಸ್ತು ಪ್ರವೇಶಿಸಿದಾಗ ಅದನ್ನು ಗುರುತಿಸಿ ಹಿಡಿಯಲು ರಕ್ತದಲ್ಲಿ ಉಂಟಾಗುವ ಪ್ರೋಟೀನೇ ಪ್ರತಿಕಾಯ. ಅದರ ಆಕಾರ ಇಂಗ್ಲಿಷಿನ 'ವೈ' ಅಕ್ಷರವನ್ನು ಹೋಲುತ್ತದೆ. ಎರಡು ಕೈಗಳು ಗುರಿಯನ್ನು ಹಿಡಿಯುತ್ತವೆ, ಕಾಂಡವು ಶರೀರದ ಇತರ ರಕ್ಷಣಾ ಕೋಶಗಳಿಗೆ ಸೂಚನೆ ನೀಡುತ್ತದೆ. ಪ್ರತಿಕಾಯವನ್ನು ತುಂಡರಿಸಿ ಅದರ ಭಾಗಗಳನ್ನು ಬೇರ್ಪಡಿಸಿದ ಕೀರ್ತಿ ಬ್ರಿಟನ್ನಿನ ರಾಡ್ನಿ ಪೋರ್ಟರ್ ಅವರದು. 1959ರಲ್ಲಿ ಅವರು ಇದಕ್ಕೆ ಬಳಸಿದ್ದು ಪಪಾಯ ಹಣ್ಣಿನ ಹಾಲಿನಿಂದ ದೊರೆಯುವ ಪಪೈನ್ ಎಂಬ ಕಿಣ್ವ. ಬೆಂಗಳೂರಿನ ಬಯೋಕಾನ್ ಸಂಸ್ಥೆ 1978ರಲ್ಲಿ ಆರಂಭವಾದಾಗ ಅದರ ಮೊದಲ ಉತ್ಪನ್ನಗಳಲ್ಲಿ ಈ ಪಪೈನ್ ಸಹ ಒಂದಾಗಿತ್ತು.

ಪ್ರಯೋಗಾಲಯದಲ್ಲಿ ಪ್ರತಿಕಾಯವನ್ನು ಗುರುತು ಹಚ್ಚುವ ಸಾಧನವಾಗಿ ಬಳಸುತ್ತಾರೆ. ಅಂಗಾಂಶದ ತೆಳುಪದರದಲ್ಲಿ ರ್ಯಾಂಕ್-ಎಲ್ ಎಲ್ಲಿದೆ, ರಕ್ತದ ಮಾದರಿಯಲ್ಲಿ ಅದು ಎಷ್ಟಿದೆ, ಅದನ್ನು ತಡೆದರೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಪ್ರತಿಕಾಯದ ಮೂಲಕ ಉತ್ತರ ದೊರೆಯುತ್ತದೆ. ತಯಾರಿಕೆಯ ವಿಧಾನವನ್ನು ಅನುಸರಿಸಿ ಮಾರುಕಟ್ಟೆಯಲ್ಲಿ ಮೂರು ಬಗೆಯ ಪ್ರತಿಕಾಯಗಳು ಲಭ್ಯವಿವೆ.

(1) ಪಾಲಿಕ್ಲೋನಲ್: ಮೊಲ, ಮೇಕೆ ಮುಂತಾದ ಪ್ರಾಣಿಗೆ ಪ್ರೋಟೀನನ್ನು ಚುಚ್ಚಿ, ಅದರ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳ ಮಿಶ್ರಣ. ತಯಾರಿಕಾ ವೆಚ್ಚ ಕಡಿಮೆ. ಆದರೆ ಪ್ರಾಣಿ ಬದಲಾದಾಗ ಸರಕಿನ ಗುಣವೂ ಬದಲಾಗುತ್ತದೆ.

(2) ಮೋನೋಕ್ಲೋನಲ್: ಒಂದೇ ಮೂಲದ ಜೀವಕೋಶಗಳ ಸಂತತಿಯಿಂದ ದೊರೆಯುವ ಏಕರೂಪದ ಪ್ರತಿಕಾಯ. ಈ ವಿಧಾನವನ್ನು 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ರೂಪಿಸಿದರು. ಬ್ರಿಟನ್ನಿನ ಸಂಬಂಧಪಟ್ಟ ಸರ್ಕಾರಿ ಸಂಸ್ಥೆಯು ಇದರಲ್ಲಿ ತಕ್ಷಣದ ಪ್ರಾಯೋಗಿಕ ಉಪಯೋಗ ಕಾಣದೆ ಪೇಟೆಂಟ್ ಪಡೆಯಲಿಲ್ಲ. ಇಬ್ಬರಿಗೂ 1984ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ವ್ಯಾಪಾರದ ಲಾಭ ಬೇರೆಯವರ ಪಾಲಾಯಿತು.

(3) ರಿಕಾಂಬಿನೆಂಟ್: ಪ್ರತಿಕಾಯದ ಜೀನ್ ವಿನ್ಯಾಸವನ್ನು ದಾಖಲಿಸಿಟ್ಟುಕೊಂಡು, ಅದರಂತೆ ಜೀವಕೋಶಗಳಲ್ಲಿ ಮತ್ತೆ ಮತ್ತೆ ತಯಾರಿಸುವ ಪ್ರತಿಕಾಯ. ನಕ್ಷೆ ಇರುವ ಯಂತ್ರಭಾಗದಂತೆ ಇದನ್ನು ಹತ್ತು ವರ್ಷಗಳ ನಂತರವೂ ಹಾಗೆಯೇ ತಯಾರಿಸಬಹುದು.

ಔಷಧವೇ ಬೇರೆ, ಪ್ರಯೋಗಾಲಯದ ಸರಕೇ ಬೇರೆ

ರ್ಯಾಂಕ್-ಎಲ್ ಅನ್ನು ಹಿಡಿಯುವ ಪ್ರತಿಕಾಯವೇ ಔಷಧವೂ ಆಗಿದೆ. ಆಮ್ಜೆನ್ ರೂಪಿಸಿದ ಡೆನೋಸುಮಾಬ್‌ಗೆ ಅಮೆರಿಕದಲ್ಲಿ 2010ರಲ್ಲಿ ಅನುಮತಿ ದೊರೆಯಿತು. ಆಸ್ಟಿಯೊಪೊರೋಸಿಸ್‌ಗೆ ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ ನೀಡುವುದು ಪ್ರೋಲಿಯಾ ಎಂಬ ಹೆಸರಿನಲ್ಲಿ, ಮೂಳೆಗೆ ಹರಡಿದ ಕ್ಯಾನ್ಸರ್‌ನಲ್ಲಿ ನಾಲ್ಕು ವಾರಗಳಿಗೊಮ್ಮೆ 120 ಮಿಲಿಗ್ರಾಂ ನೀಡುವುದು ಎಕ್ಸ್‌ಜೀವಾ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. 2024ರಲ್ಲಿ ಇವೆರಡರ ಒಟ್ಟು ಮಾರಾಟ 600 ಕೋಟಿ ಡಾಲರುಗಳನ್ನು ಮೀರಿತ್ತು.

ಈ ಕ್ಷೇತ್ರದಲ್ಲಿ ಬೆಂಗಳೂರಿಗೂ ಸ್ಥಾನವಿದೆ. 2006ರಲ್ಲಿ ಕ್ಯಾನ್ಸರ್ ಚಿಕಿತ್ಸೆಗಾಗಿ ಮೋನೋಕ್ಲೋನಲ್ ಪ್ರತಿಕಾಯವೊಂದನ್ನು ಭಾರತದ ಮಾರುಕಟ್ಟೆಗೆ ತಂದ ಬಯೋಕಾನ್ ಸಮೂಹವು ಡೆನೋಸುಮಾಬ್‌ನ ಸಮರೂಪಿ ಔಷಧವನ್ನೂ ಅಭಿವೃದ್ಧಿಪಡಿಸಿತು. ಬಯೋಕಾನ್ ಬಯೋಲಾಜಿಕ್ಸ್‌ನ ಈ ಔಷಧಗಳಿಗೆ 2025ರಲ್ಲಿ ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಅನುಮತಿ ದೊರೆತಿದೆ.

ಇಲ್ಲಿ ವರ್ತಕರು ಎಚ್ಚರಿಕೆಯಿಂದ ಗಮನಿಸಬೇಕಾದ ಅಂಶವೊಂದಿದೆ. ಡೆನೋಸುಮಾಬ್ ಮಾನವನ ರ್ಯಾಂಕ್-ಎಲ್ ಅನ್ನು ಹಿಡಿಯುತ್ತದೆ, ಸಾಮಾನ್ಯ ಇಲಿಯ ರ್ಯಾಂಕ್-ಎಲ್ ಅನ್ನು ಹಿಡಿಯುವುದಿಲ್ಲ. ಆದ್ದರಿಂದಲೇ ಆ ಔಷಧವನ್ನು ಇಲಿಗಳಲ್ಲಿ ಪರೀಕ್ಷಿಸಲು ವಿಜ್ಞಾನಿಗಳು ಇಲಿಯ ಜೀನಿನಲ್ಲಿ ಮಾನವನ ಅಂಶವನ್ನು ಸೇರಿಸಿದ ವಿಶೇಷ ತಳಿಯನ್ನೇ ರೂಪಿಸಬೇಕಾಯಿತು. ಸಾಮಾನ್ಯ ಇಲಿಗಳ ಅಧ್ಯಯನಕ್ಕೆ ಬೇರೆಯೇ ಪ್ರತಿಕಾಯ ಬೇಕು. ಜಪಾನಿನ ಓರಿಯೆಂಟಲ್ ಯೀಸ್ಟ್ ಕಂಪನಿಯ ತಂಡವು ಒವೈಸಿ1 ಎಂಬ ಅಂತಹ ಪ್ರತಿಕಾಯವನ್ನು ರೂಪಿಸಿ, ಅದರ ಒಂದೇ ಚುಚ್ಚುಮದ್ದಿನಿಂದ ಇಲಿಗಳ ಮೂಳೆಯ ಪ್ರಮಾಣ ಹೆಚ್ಚಿದುದನ್ನು 2011ರಲ್ಲಿ ಪ್ರಕಟಿಸಿತು. ಸೀಸೆಯ ಮೇಲೆ "ರ್ಯಾಂಕ್-ಎಲ್ ಪ್ರತಿಕಾಯ" ಎಂದಿದ್ದ ಮಾತ್ರಕ್ಕೆ ಗ್ರಾಹಕರ ಕೆಲಸಕ್ಕೆ ಒದಗುತ್ತದೆಂದು ಭಾವಿಸುವಂತಿಲ್ಲ. ಯಾವ ಪ್ರಾಣಿಯ ಪ್ರೋಟೀನು, ಯಾವ ವಿಧದ ಪರೀಕ್ಷೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯದೆ ಆದೇಶವನ್ನು ಮುಂದಕ್ಕೆ ಕಳುಹಿಸಬಾರದು.

ಎರಡನೆಯ ಪ್ರಶ್ನೆಯೂ ಮೊದಲನೆಯದರಷ್ಟೇ ಮುಖ್ಯ. ರ್ಯಾಂಕ್-ಎಲ್ ಜೀವಕೋಶದ ಹೊದಿಕೆಗೆ ಅಂಟಿಕೊಂಡೂ ಇರುತ್ತದೆ, ಕಳಚಿಕೊಂಡು ದ್ರವದಲ್ಲಿ ಕರಗಿಯೂ ಇರುತ್ತದೆ. ವೆಸ್ಟರ್ನ್ ಬ್ಲಾಟ್ ಎಂಬ ಪರೀಕ್ಷೆಯಲ್ಲಿ ಪ್ರೋಟೀನನ್ನು ಕಾಯಿಸಿ ಅದರ ಮಡಿಕೆಗಳನ್ನು ಬಿಡಿಸಲಾಗುತ್ತದೆ. ಎಲಿಸಾ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಅದು ತನ್ನ ಸಹಜ ಆಕಾರದಲ್ಲಿಯೇ ಇರುತ್ತದೆ. ಒಂದರಲ್ಲಿ ಸಮರ್ಥವಾಗಿ ಕೆಲಸ ಮಾಡುವ ಪ್ರತಿಕಾಯವು ಇನ್ನೊಂದರಲ್ಲಿ ಸಂಪೂರ್ಣ ನಿಷ್ಪ್ರಯೋಜಕವಾಗಬಹುದು. ಅದನ್ನು ದೋಷಪೂರಿತ ಸರಕೆನ್ನಲು ಬರುವುದಿಲ್ಲ. ತಪ್ಪಾದ ಉಪಯೋಗಕ್ಕೆ ಮಾರಿದ ಸರಕು ಎನ್ನಬೇಕಾಗುತ್ತದೆ.

ನಷ್ಟದ ನಿಜವಾದ ಪ್ರಮಾಣ

ಪ್ರತಿಕಾಯಗಳ ವಿಶ್ವಾಸಾರ್ಹತೆಯ ಪ್ರಶ್ನೆ ಜಗತ್ತಿನಾದ್ಯಂತ ಚರ್ಚೆಗೆ ಬಂದಿದೆ. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳ ಸಹಮತದೊಂದಿಗೆ ಪ್ರಕಟವಾದ ಲೇಖನವೊಂದು, ಕಳಪೆ ಪ್ರತಿಕಾಯಗಳಿಂದ ಪ್ರತಿವರ್ಷ ಸುಮಾರು 80 ಕೋಟಿ ಡಾಲರ್ ವ್ಯರ್ಥವಾಗುತ್ತಿದೆ ಎಂದು ಅಂದಾಜಿಸಿತು. 2017ರಲ್ಲಿ ಈಸ್ಟ್ರೊಜೆನ್ ಹಾರ್ಮೋನಿನ ಗ್ರಾಹಕವಾದ ಬೀಟಾ ಎಂಬ ಪ್ರೋಟೀನಿಗೆಂದು ಮಾರಾಟವಾಗುತ್ತಿದ್ದ 13 ಪ್ರತಿಕಾಯಗಳನ್ನು ಪರೀಕ್ಷಿಸಿದಾಗ, ಒಂದು ಮಾತ್ರ ನಂಬಲರ್ಹವೆಂದು ಕಂಡುಬಂತು. 2023ರಲ್ಲಿ ಕೆನಡಾ ಮೂಲದ ವೈಕ್ಯಾರೋಸ್ ತಂಡವು 65 ಪ್ರೋಟೀನುಗಳಿಗೆ ಸಂಬಂಧಿಸಿದ 614 ಪ್ರತಿಕಾಯಗಳ ಪರೀಕ್ಷಾ ಫಲಿತಾಂಶವನ್ನು ಪ್ರಕಟಿಸಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದಲ್ಲ ಒಂದು ಪರೀಕ್ಷೆಯಲ್ಲಿ ವಿಫಲವಾಗಿದ್ದವು. ಸರಾಸರಿಯಲ್ಲಿ ರಿಕಾಂಬಿನೆಂಟ್ ಪ್ರತಿಕಾಯಗಳು ಉಳಿದೆರಡು ಬಗೆಗಳಿಗಿಂತ ಉತ್ತಮವಾಗಿದ್ದವು. ಗಮನಾರ್ಹ ಸಂಗತಿಯೆಂದರೆ, ಫಲಿತಾಂಶ ತಿಳಿದ ತಯಾರಕರು ಹಲವು ಸರಕುಗಳನ್ನು ತಾವಾಗಿಯೇ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು, ಇನ್ನು ಕೆಲವುಗಳ ಉಪಯೋಗ ಸೂಚನೆಯನ್ನು ತಿದ್ದಿದರು.

ಈ ನಷ್ಟವನ್ನು ಸ್ಥಳೀಯ ಲೆಕ್ಕದಲ್ಲಿ ನೋಡುವುದು ಉಪಯುಕ್ತ. ಉದಾಹರಣೆಗಾಗಿ ಒಂದು ಸೀಸೆಯ ಬೆಲೆ ರೂ. 45,000 ಎಂದಿಟ್ಟುಕೊಳ್ಳೋಣ. ಕೇಂದ್ರ ಸರ್ಕಾರವು 2023ರ ಜನವರಿಯಿಂದ ಕಿರಿಯ ಸಂಶೋಧನಾ ಫೆಲೋಗಳಿಗೆ ನಿಗದಿಪಡಿಸಿದ ಮಾಸಿಕ ವೇತನ ರೂ. 37,000. ತಪ್ಪು ಪ್ರತಿಕಾಯವನ್ನು ನಂಬಿ ಒಬ್ಬ ಸಂಶೋಧಕರು ಆರು ತಿಂಗಳು ಕೆಲಸ ಮಾಡಿದರೆ ವೇತನದ ವೆಚ್ಚವೇ ರೂ. 2,22,000. ಪ್ರಾಣಿಗಳು ಮತ್ತು ಇತರ ರಾಸಾಯನಿಕಗಳಿಗೆ ರೂ. 1,00,000 ಸೇರಿಸಿದರೆ ಒಟ್ಟು ನಷ್ಟ ರೂ. 3,67,000 ಆಗುತ್ತದೆ. ಇದರಲ್ಲಿ ಸೀಸೆಯ ಬೆಲೆ ಶೇ. 12ರಷ್ಟು ಮಾತ್ರ. ಹಣ ಹಿಂದಿರುಗಿಸಿದರೂ, ಬದಲಿ ಸೀಸೆ ಕೊಟ್ಟರೂ ಗ್ರಾಹಕರ ನಷ್ಟ ತುಂಬುವುದಿಲ್ಲ.

ವರ್ತಕರ ಲೆಕ್ಕವೂ ಹಗುರವಲ್ಲ. ಅದೇ ಸೀಸೆಯ ಖರೀದಿ ವೆಚ್ಚ ರೂ. 39,000 ಆಗಿದ್ದಲ್ಲಿ ಲಾಭ ರೂ. 6,000. ಒಂದು ಸೀಸೆಯನ್ನು ಸ್ವಂತ ಖರ್ಚಿನಲ್ಲಿ ಬದಲಿಸಿಕೊಟ್ಟರೆ ಆರೂವರೆ ಸೀಸೆಗಳ ಲಾಭ ಕೈಬಿಡುತ್ತದೆ. ಆದ್ದರಿಂದ ಈ ವ್ಯವಹಾರದಲ್ಲಿ ಮಾರಾಟಕ್ಕೆ ಮುಂಚಿನ ಪರಿಶೀಲನೆಯೇ ಲಾಭದ ಮೂಲ.

ಕೇಳಿ ಪಡೆಯಬೇಕಾದ ದಾಖಲೆಗಳು

ಪ್ರತಿಕಾಯದ ಸಾಚಾತನವನ್ನು ರುಜುವಾತುಪಡಿಸಲು ಐದು ವಿಧಾನಗಳನ್ನು ಅಂತರರಾಷ್ಟ್ರೀಯ ತಜ್ಞರ ಗುಂಪೊಂದು 2016ರಲ್ಲಿ ಶಿಫಾರಸು ಮಾಡಿತು. ಅವುಗಳಲ್ಲಿ ವ್ಯಾಪಾರಸ್ಥರಿಗೆ ಸುಲಭವಾಗಿ ಅರ್ಥವಾಗುವುದು ಜೀನ್ ಆಧಾರಿತ ವಿಧಾನ. ರ್ಯಾಂಕ್-ಎಲ್ ಇರುವ ಜೀವಕೋಶದಲ್ಲಿ ಪ್ರತಿಕಾಯವು ಗುರುತು ತೋರಬೇಕು, ಆ ಜೀನನ್ನೇ ತೆಗೆದುಹಾಕಿದ ಜೀವಕೋಶದಲ್ಲಿ ಏನನ್ನೂ ತೋರಬಾರದು. ಎರಡರಲ್ಲೂ ಗುರುತು ತೋರಿದರೆ ಅದು ಬೇರೆ ಯಾವುದೋ ಪ್ರೋಟೀನನ್ನು ಹಿಡಿಯುತ್ತಿದೆ ಎಂದೇ ಅರ್ಥ. ರ್ಯಾಂಕ್-ಎಲ್ ಅನ್ನು ತಡೆಯುವ ಪ್ರತಿಕಾಯವಾದರೆ ಮತ್ತೊಂದು ಪರೀಕ್ಷೆಯೂ ಇದೆ. ತಟ್ಟೆಯಲ್ಲಿ ಬೆಳೆಸಿದ ಎಳೆಯ ಕೋಶಗಳಿಗೆ ರ್ಯಾಂಕ್-ಎಲ್ ಸೇರಿಸಿದಾಗ ಕೆಲವು ದಿನಗಳಲ್ಲಿ ಆಸ್ಟಿಯೋಕ್ಲಾಸ್ಟ್‌ಗಳು ರೂಪುಗೊಳ್ಳುತ್ತವೆ. ಪ್ರತಿಕಾಯದ ಪ್ರಮಾಣ ಹೆಚ್ಚಿಸಿದಂತೆ ಅವುಗಳ ಸಂಖ್ಯೆ ಇಳಿಯಬೇಕು.

ಈ ಹಿನ್ನೆಲೆಯಲ್ಲಿ ಸರಬರಾಜುದಾರರಿಂದ ಪಡೆಯಬೇಕಾದ ವಿವರಗಳು ಹೀಗಿವೆ:

(1) ಕ್ಯಾಟಲಾಗ್ ಸಂಖ್ಯೆ, ಕ್ಲೋನ್ ಹೆಸರು ಮತ್ತು ತಯಾರಿಕಾ ತಂಡದ ಲಾಟ್ ಸಂಖ್ಯೆ.

(2) ಆ ಲಾಟಿಗೇ ಸಂಬಂಧಿಸಿದ ವಿಶ್ಲೇಷಣಾ ಪ್ರಮಾಣಪತ್ರ. ಹಳೆಯ ಲಾಟಿನ ಪ್ರಮಾಣಪತ್ರ ಸಾಲದು.

(3) ಯಾವ ಪ್ರಾಣಿಯ ಪ್ರೋಟೀನಿಗೆ, ಯಾವ ಪರೀಕ್ಷೆಗೆ ರುಜುವಾತಾಗಿದೆ ಎಂಬ ಲಿಖಿತ ಹೇಳಿಕೆ ಮತ್ತು ಅದರ ಚಿತ್ರಗಳು.

(4) ದ್ರಾವಣದಲ್ಲಿ ಸೇರಿಸಿದ ಸಂರಕ್ಷಕಗಳ ವಿವರ. ಸಾಮಾನ್ಯವಾಗಿ ಬಳಸುವ ಸೋಡಿಯಂ ಅಜೈಡ್ ವಿಷಕಾರಿ. ಜೀವಂತ ಕೋಶಗಳ ಪ್ರಯೋಗಕ್ಕೆ ಅಜೈಡ್ ಇಲ್ಲದ ಸರಕೇ ಬೇಕು.

(5) ಸಂಗ್ರಹಿಸಬೇಕಾದ ಉಷ್ಣಾಂಶ ಮತ್ತು ಬಳಕೆಯ ಅವಧಿ.

(6) "ಸಂಶೋಧನಾ ಬಳಕೆಗೆ ಮಾತ್ರ" ಎಂಬ ಷರತ್ತು ಇದೆಯೇ ಎಂಬುದು. ಈ ಷರತ್ತಿನ ಸರಕನ್ನು ರೋಗಿಗಳ ವರದಿ ನೀಡುವ ಪ್ರಯೋಗಾಲಯಕ್ಕೆ ರೋಗನಿರ್ಣಯ ಸಾಮಗ್ರಿಯೆಂದು ಮಾರುವಂತಿಲ್ಲ. ಅಂತಹ ಸಾಮಗ್ರಿಗೆ 2017ರ ವೈದ್ಯಕೀಯ ಸಾಧನಗಳ ನಿಯಮಗಳು ಅನ್ವಯಿಸುತ್ತವೆ.

ಈ ದಾಖಲೆಗಳ ಪ್ರತಿಯನ್ನು ಬೀಜಕದೊಂದಿಗೆ ಗ್ರಾಹಕರಿಗೆ ನೀಡಿ, ಒಂದು ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ವಿವಾದ ಉದ್ಭವಿಸಿದಾಗ ಮೌಖಿಕ ಭರವಸೆಗಿಂತ ಲಾಟ್ ಸಂಖ್ಯೆಯೇ ನೆರವಿಗೆ ಬರುತ್ತದೆ.

ಶೀತಲ ಸಾಗಣೆ: ಒಂದು ವಿದ್ಯುತ್ ಕಡಿತದ ಪಾಠ

ಪ್ರತಿಕಾಯವನ್ನು ದೀರ್ಘಕಾಲ ಇಡಬೇಕಾದಾಗ ಸಾಮಾನ್ಯವಾಗಿ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕಡಿಮೆ ಉಷ್ಣಾಂಶದಲ್ಲಿ, ಅಲ್ಪಕಾಲಕ್ಕೆ 2ರಿಂದ 8 ಡಿಗ್ರಿಯಲ್ಲಿ ಇಡಲಾಗುತ್ತದೆ. ಮತ್ತೆ ಮತ್ತೆ ಹೆಪ್ಪುಗಟ್ಟಿ ಕರಗಿದರೆ ಅದರ ಶಕ್ತಿ ಕುಂದುತ್ತದೆ. ಕೆಟ್ಟುಹೋದ ಪ್ರತಿಕಾಯ ನೋಟದಲ್ಲಿ ಒಳ್ಳೆಯದರಂತೆಯೇ ಇರುತ್ತದೆ ಎಂಬುದೇ ತೊಡಕು. ವಿಮಾನ ನಿಲ್ದಾಣದ ಸರಕು ಸಂಕೀರ್ಣದಲ್ಲಿ ಸುಂಕದ ತಕರಾರಿನಿಂದ ಎರಡು ದಿನ ಉಳಿದ ಪೆಟ್ಟಿಗೆ, ಮಳಿಗೆಯಲ್ಲಿ ರಾತ್ರಿ ವಿದ್ಯುತ್ ಹೋಗಿ ಬೆಳಿಗ್ಗೆ ಮತ್ತೆ ತಣ್ಣಗಾದ ಫ್ರೀಜರ್, ಇವು ಯಾವ ಗುರುತನ್ನೂ ಉಳಿಸುವುದಿಲ್ಲ.

ಇದಕ್ಕೆ ಈ ಕ್ಷೇತ್ರದ ಇತಿಹಾಸದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಆಸ್ಟಿಯೊಪ್ರೊಟೆಜೆರಿನ್ ಮತ್ತು ರ್ಯಾಂಕ್-ಎಲ್ ಶೋಧಗಳಿಂದ ಖ್ಯಾತಿ ಗಳಿಸಿದ ಸ್ನೋ ಬ್ರ್ಯಾಂಡ್ ಕಂಪನಿಯ ಹಾಲಿನ ಉತ್ಪನ್ನಗಳನ್ನು ಸೇವಿಸಿ 2000ದ ಬೇಸಿಗೆಯಲ್ಲಿ ಜಪಾನಿನ ಒಸಾಕಾ ಸುತ್ತಮುತ್ತ 13 ಸಾವಿರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಹೊಕ್ಕೈಡೊದ ಕಾರ್ಖಾನೆಯೊಂದರಲ್ಲಿ ಕೆಲವು ತಿಂಗಳ ಹಿಂದೆ ವಿದ್ಯುತ್ ಕಡಿತವಾಗಿ, ಬೆಚ್ಚಗೆ ಉಳಿದ ಹಾಲಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷ ಸೇರಿತ್ತು. ಅದರಿಂದ ತಯಾರಾದ ಹಾಲಿನ ಪುಡಿಯಲ್ಲಿಯೂ ಆ ವಿಷ ಉಳಿದಿತ್ತು. ಸಂಶೋಧನೆಯಲ್ಲಿ ಜಗತ್ತಿನ ಮುಂಚೂಣಿಯಲ್ಲಿದ್ದ ಸಂಸ್ಥೆಯು ಸಂಗ್ರಹಣೆಯ ಒಂದು ಲೋಪದಿಂದ ಗ್ರಾಹಕರ ವಿಶ್ವಾಸವನ್ನು ಕಳೆದುಕೊಂಡಿತು.

ಉಷ್ಣಾಂಶ ದಾಖಲಿಸುವ ಸಣ್ಣ ಉಪಕರಣವನ್ನು ಪ್ರತಿ ಪೆಟ್ಟಿಗೆಯಲ್ಲಿ ಇಡುವುದು, ಫ್ರೀಜರ್‌ಗೆ ಬದಲಿ ವಿದ್ಯುತ್ ವ್ಯವಸ್ಥೆ ಮತ್ತು ದಿನವಹಿ ಉಷ್ಣಾಂಶ ಪುಸ್ತಕ ಇರುವುದು, ಸಂಸ್ಥೆಯ ರಜಾದಿನಗಳನ್ನು ತಿಳಿದುಕೊಂಡು ಸರಕು ಕಳುಹಿಸುವುದು, ಇವು ಹೆಚ್ಚಿನ ಖರ್ಚಿಲ್ಲದ ಕ್ರಮಗಳು.

ಸುಂಕ, ತೆರಿಗೆ ಮತ್ತು ಲೆಕ್ಕಪತ್ರ

ಆಮದಿನ ಸಂದರ್ಭದಲ್ಲಿ ಸರಕಿನ ವರ್ಗೀಕರಣವೇ ಮೊದಲ ಪ್ರಶ್ನೆ. ರೋಗನಿರೋಧಕ ಉತ್ಪನ್ನಗಳು 3002ರ ಶೀರ್ಷಿಕೆಯಡಿ, ರೋಗನಿರ್ಣಯ ಮತ್ತು ಪ್ರಯೋಗಾಲಯದ ಸಿದ್ಧ ಕಾರಕಗಳು 3822ರ ಅಡಿ, ಸಣ್ಣ ಪ್ಯಾಕಿಂಗ್‌ನ ಪ್ರಯೋಗಾಲಯ ರಾಸಾಯನಿಕಗಳು 9802ರ ಅಡಿ ಬರುತ್ತವೆ. ಬಿಡಿ ಪ್ರತಿಕಾಯ ಮತ್ತು ಪ್ರತಿಕಾಯವುಳ್ಳ ಸಂಪೂರ್ಣ ಕಿಟ್ ಒಂದೇ ಶೀರ್ಷಿಕೆಗೆ ಸೇರಬೇಕೆಂದೇನೂ ಇಲ್ಲ. ಪ್ರತಿ ಸರಕಿನ ರೂಪ ಮತ್ತು ಸಂಯೋಜನೆಯನ್ನು ನೋಡಿ, ಕಸ್ಟಮ್ಸ್ ಬ್ರೋಕರ್ ಸಲಹೆಯೊಂದಿಗೆ ಸಂಕೇತ ನಿರ್ಧರಿಸಬೇಕು.

ವರ್ಗೀಕರಣದ ಮಹತ್ವವನ್ನು 2024ರ ಅನುಭವ ತೋರಿಸಿದೆ. ಆ ವರ್ಷದ ಜುಲೈ ಬಜೆಟ್‌ನಲ್ಲಿ 9802ರ ಅಡಿಯ ಪ್ರಯೋಗಾಲಯ ರಾಸಾಯನಿಕಗಳ ಮೂಲ ಸುಂಕವನ್ನು ಶೇ. 10ರಿಂದ ಶೇ. 150ಕ್ಕೆ ಏರಿಸಲಾಯಿತು. ವಿಜ್ಞಾನಿಗಳ ಆಕ್ಷೇಪದ ನಂತರ ಕೆಲವೇ ದಿನಗಳಲ್ಲಿ ಷರತ್ತುಗಳೊಂದಿಗೆ ಹಳೆಯ ದರವನ್ನು ಮರುಸ್ಥಾಪಿಸಲಾಯಿತು. ಅದೇ ರೀತಿ 2025ರ ಸೆಪ್ಟೆಂಬರ್ 22ರಿಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ಶೇ. 12ರ ಹಂತವನ್ನು ಬಹುತೇಕ ಸರಕುಗಳಿಗೆ ಕೈಬಿಡಲಾಗಿದೆ. ಹಳೆಯ ಬೀಜಕದ ದರವನ್ನು ನಕಲು ಮಾಡುವ ಅಭ್ಯಾಸ ಅಪಾಯಕಾರಿ. ಸಂಸ್ಥೆಗಳಿಗೆ ನೀಡುವ ದರಪಟ್ಟಿಯಲ್ಲಿ "ಸರಬರಾಜಿನ ದಿನದಂದು ಅನ್ವಯವಾಗುವ ಸುಂಕ ಮತ್ತು ತೆರಿಗೆ" ಎಂಬ ಷರತ್ತು ಇರುವುದು ಸೂಕ್ತ.

ಲೆಕ್ಕಪತ್ರದ ದೃಷ್ಟಿಯಿಂದ ಎರಡು ಅಂಶಗಳು ಮುಖ್ಯ. ಮೊದಲನೆಯದಾಗಿ, ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ಅಸಲು ವೆಚ್ಚ ಅಥವಾ ಮಾರಿದರೆ ಬರಬಹುದಾದ ನಿವ್ವಳ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಅವಧಿ ಮುಗಿದ ಸೀಸೆಗೆ ಮಾರಾಟ ಮೌಲ್ಯವಿಲ್ಲ. ಅದನ್ನು ಮಾರ್ಚ್ 31ರ ದಾಸ್ತಾನಿನಲ್ಲಿ ಪೂರ್ಣ ಬೆಲೆಗೆ ತೋರಿಸುವುದು ಇಲ್ಲದ ಲಾಭವನ್ನು ತೋರಿಸಿದಂತೆ. ಎರಡನೆಯದಾಗಿ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನಂತೆ ಹಿಂತಿರುಗಿಸಬೇಕಾಗುತ್ತದೆ. ಆದ್ದರಿಂದ ಪ್ರತಿ ಸೀಸೆಯ ಲಾಟ್ ಸಂಖ್ಯೆ, ಬಂದ ದಿನ ಮತ್ತು ಅವಧಿ ಮುಗಿಯುವ ದಿನವನ್ನು ದಾಸ್ತಾನು ಪುಸ್ತಕದಲ್ಲಿ ನಮೂದಿಸಿ, ಮೊದಲು ಅವಧಿ ಮುಗಿಯುವುದನ್ನು ಮೊದಲು ಮಾರುವ ಪದ್ಧತಿಯನ್ನು ಅನುಸರಿಸಬೇಕು. ಬೆಲೆಬಾಳುವ ಪ್ರತಿಕಾಯಗಳನ್ನು ದೃಢ ಆದೇಶವಿಲ್ಲದೆ ತರಿಸಿಡದಿರುವುದು ಇನ್ನೂ ಕ್ಷೇಮ.

ಸಣ್ಣ ತಯಾರಕರಿಗೆ ಅವಕಾಶ

ಪ್ರಯೋಗಾಲಯದ ಜೈವಿಕ ಸಾಮಗ್ರಿಗಳ ತಯಾರಿಕೆ ವಿದೇಶಿ ಕಂಪನಿಗಳಿಗೆ ಮಾತ್ರ ಸಾಧ್ಯವೆಂಬುದು ನಿಜವಲ್ಲ. ಶ್ರೀಗಂಧದ ಕಾವಲ್‌ಗೆ ಕೆಲವೇ ಕಿಲೋಮೀಟರ್ ದೂರದ ಪೀಣ್ಯದಿಂದಲೇ ಬೆಂಗಳೂರು ಜಿನಿ ಸಂಸ್ಥೆಯು ಕಿಣ್ವಗಳನ್ನೂ, ಇತರ ಪ್ರತಿಕಾಯಗಳನ್ನು ಪತ್ತೆಹಚ್ಚಲು ಬಳಸುವ ದ್ವಿತೀಯ ಪ್ರತಿಕಾಯಗಳನ್ನೂ ದೇಶದ ಪ್ರಯೋಗಾಲಯಗಳಿಗೆ ಒದಗಿಸಿತು. ತಳಿವಿಜ್ಞಾನಿ ಡಾ. ಪಿ. ಬಾಬು ಅವರು ಸ್ಥಾಪಿಸಿದ ಈ ಸಂಸ್ಥೆಯು ನಂತರ ಮರ್ಕ್ ಸಮೂಹದ ಭಾರತೀಯ ಕಂಪನಿಯ ಪಾಲಾಯಿತು. ಅದರ ಹೆಸರು ಇಂದಿಗೂ ಅನೇಕ ಸಂಶೋಧನಾ ಪ್ರಬಂಧಗಳಲ್ಲಿ ಕಾಣಸಿಗುತ್ತದೆ.

ರ್ಯಾಂಕ್-ಎಲ್‌ನಂತಹ ನಿರ್ದಿಷ್ಟ ಪ್ರತಿಕಾಯವನ್ನು ತಯಾರಿಸಲು ಹೊರಡುವವರು ಕೆಲವು ಅನುಮತಿಗಳನ್ನು ಮೊದಲೇ ತಿಳಿದಿರಬೇಕು. ಪ್ರಾಣಿಗಳನ್ನು ಬಳಸುವುದಾದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿಯ ಸಮಿತಿಯಲ್ಲಿ ನೋಂದಣಿಯೂ, ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಯೂ ಅಗತ್ಯ. ಜೀನ್ ಬದಲಾವಣೆಯ ವಿಧಾನವಾದರೆ 1989ರ ನಿಯಮಗಳಂತೆ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಪ್ರಯೋಗಾಲಯವನ್ನು ಸ್ವತಃ ಕಟ್ಟುವ ಬಂಡವಾಳವಿಲ್ಲದವರಿಗೆ ಜಿಕೆವಿಕೆ ಆವರಣದ ಸಿ-ಕ್ಯಾಂಪ್ ಹಾಗೂ ಎಲೆಕ್ಟ್ರಾನಿಕ್ಸ್ ಸಿಟಿಯ ಬೆಂಗಳೂರು ಬಯೋಇನ್ನೋವೇಷನ್ ಸೆಂಟರ್‌ಗಳು ನವೋದ್ಯಮಗಳಿಗೆ ಸ್ಥಳ ಮತ್ತು ಉಪಕರಣಗಳ ಸೌಲಭ್ಯ ಒದಗಿಸುತ್ತವೆ.

ಪ್ರತಿಕಾಯವನ್ನೇ ತಯಾರಿಸದಿದ್ದರೂ ಅದರ ಸುತ್ತ ಕೆಲಸಗಳಿವೆ. ಉಷ್ಣನಿರೋಧಕ ಪೆಟ್ಟಿಗೆಗಳು, ಹೆಪ್ಪುಗಟ್ಟಿದರೂ ಕಳಚದ ಲೇಬಲ್‌ಗಳು, ಸಣ್ಣ ಸೀಸೆಗಳು ಮತ್ತು ಅವುಗಳ ಸ್ಟ್ಯಾಂಡ್‌ಗಳು, ಉಷ್ಣಾಂಶ ದಾಖಲಿಸುವ ಉಪಕರಣಗಳ ಜೋಡಣೆ, ಇವು ಪ್ಲಾಸ್ಟಿಕ್, ಮುದ್ರಣ ಮತ್ತು ಎಲೆಕ್ಟ್ರಾನಿಕ್ಸ್ ಘಟಕಗಳ ಕೈಗೆಟುಕುವ ಕೆಲಸಗಳು.

ಉಪಸಂಹಾರ

ನೂರು ಮೈಕ್ರೋಗ್ರಾಂ ಪ್ರೋಟೀನಿಗೆ ಗ್ರಾಹಕರು ನೀಡುವ ಹಣದ ದೊಡ್ಡ ಪಾಲು ಅದು ಹೇಳಿದ ಕೆಲಸವನ್ನೇ ಮಾಡುತ್ತದೆ ಎಂಬ ಪುರಾವೆಗೆ ಸಲ್ಲುವ ಬೆಲೆ. ಪುರಾವೆಯಿಲ್ಲದ ಅಗ್ಗದ ಸೀಸೆಯು ಸಂಶೋಧಕರ ತಿಂಗಳುಗಳನ್ನೂ, ಸಾರ್ವಜನಿಕ ಹಣವನ್ನೂ, ಕೊನೆಗೆ ಮೂಳೆ ಸವೆತದಿಂದ ನರಳುವವರಿಗೆ ದೊರೆಯಬೇಕಾದ ಚಿಕಿತ್ಸೆಯ ಕಾಲವನ್ನೂ ಹಾಳುಮಾಡುತ್ತದೆ. ಯಾವ ಪ್ರಾಣಿಗೆ, ಯಾವ ಪರೀಕ್ಷೆಗೆ ಎಂದು ಆದೇಶಕ್ಕೆ ಮುಂಚೆ ಕೇಳುವ, ಲಾಟಿನ ದಾಖಲೆಯನ್ನು ಬೀಜಕದೊಂದಿಗೆ ಕೊಡುವ, ಉಷ್ಣಾಂಶದ ಲೆಕ್ಕವನ್ನು ನಗದು ಪುಸ್ತಕದಷ್ಟೇ ಶ್ರದ್ಧೆಯಿಂದ ಬರೆಯುವ ವರ್ತಕರಿಗೆ ಈ ಕ್ಷೇತ್ರದಲ್ಲಿ ಗ್ರಾಹಕರ ಕೊರತೆಯಾಗದು.